ವಾಹನ ನಿಲುಗಡೆಗೊಂದು ಸಾರ್ವಜನಿಕ ಲೆಕ್ಕಪುಸ್ತಕ



ಹೋದ ಮಳೆಗಾಲ ಮುಗಿಯುತ್ತಾ ಬಂದಿದ್ದ ಹೊತ್ತು. ಸೋದರಮಾವನ ಕಣ್ಣು ತೋರಿಸಬೇಕಿತ್ತು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಉಪ್ಪಳದಿಂದ ಮಂಗಳೂರಿಗೆ ಹೊರಟೆ. ತಲಪಾಡಿಯ ಟೋಲ್ ಗೇಟಿನಲ್ಲಿ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್ ಚೀಟಿಯನ್ನು ಮೇಲಿನ ಯಂತ್ರ ಓದಿತು, ಅಡ್ಡಗೋಲು ಮೇಲೆದ್ದಿತು, ನಾವು ದಾಟಿದೆವು. ಅದು ಯಾವ ಬ್ಯಾಂಕು ಕೊಟ್ಟ ಚೀಟಿ ಎಂದು ಯಾರೂ ಕೇಳಲಿಲ್ಲ. ಕಾರಿನ ನಂಬರು ಕೆ.ಎಲ್. 14ರಿಂದ ಶುರುವಾಗುತ್ತದೆಯೋ ಕೆ.ಎ. 19ರಿಂದಲೋ ಎಂದೂ ನೋಡಲಿಲ್ಲ.

ಪಟ್ಟಣದೊಳಗೆ ಬಂದ ಮೇಲೆ ಕಥೆ ಬೇರೆಯಾಯಿತು. ಆಸ್ಪತ್ರೆಯ ಅಂಗಳ ತುಂಬಿತ್ತು. ಎದುರಿನ ರಸ್ತೆಯಲ್ಲಿ ಒಂದು ಸುತ್ತು, ಹಿಂದಿನ ಓಣಿಯಲ್ಲಿ ಒಂದು ಸುತ್ತು, ಮತ್ತೆ ಮುಂದಿನ ರಸ್ತೆ. ಮಾವ ಗಡಿಯಾರ ನೋಡುತ್ತಿದ್ದರು. ಕಡೆಗೆ ಅವರನ್ನು ಬಾಗಿಲಲ್ಲಿ ಇಳಿಸಿ, ನಾನೊಬ್ಬನೇ ಸುತ್ತಿ, ಅರ್ಧ ಕಿಲೋಮೀಟರು ದೂರದಲ್ಲಿ ಜಾಗ ಹಿಡಿದೆ. ಅಲ್ಲಿದ್ದ ಹುಡುಗ ಮೂವತ್ತು ರೂಪಾಯಿ ಎಂದ. ಐವತ್ತರ ನೋಟಿಗೆ ಅವನಲ್ಲಿ ಚಿಲ್ಲರೆ ಇರಲಿಲ್ಲ. ತನ್ನ ಮೊಬೈಲಿನಲ್ಲಿದ್ದ ಕ್ಯು.ಆರ್. ಚೌಕವನ್ನು ತೋರಿಸಿದ, ನಾನು ದುಡ್ಡು ಕಳಿಸಿದೆ. ರಶೀದಿ ಕೇಳಿದರೆ ಪುಸ್ತಕ ಮುಗಿದಿದೆ ಎಂದ. ಹಿಂದಿರುಗಿ ನಡೆದು ಬರುವಾಗ ಆಸ್ಪತ್ರೆಯ ಮಗ್ಗುಲ ಓಣಿಯಲ್ಲೇ ಒಂದು ಹಣ ಕೊಟ್ಟು ನಿಲ್ಲಿಸುವ ತಾಣ ಅರ್ಧಕ್ಕರ್ಧ ಖಾಲಿ ಬಿದ್ದಿರುವುದು ಕಣ್ಣಿಗೆ ಬಿತ್ತು. ಅದು ಅಲ್ಲಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಇದನ್ನು ಮಾವನಿಗೆ ಹೇಳಿದಾಗ ಅವರು, “ಅಲ್ಲ ಮಾರಾಯ, ಅಷ್ಟು ದೊಡ್ಡ ಟೋಲಿನಲ್ಲಿ ನಿಲ್ಲಿಸದೆ ಬಿಟ್ಟವರು, ನಿಲ್ಲಿಸಬೇಕಾದ ಜಾಗದಲ್ಲಿ ಯಾಕೆ ಹೀಗೆ ಸುತ್ತಿಸುತ್ತಾರೆ?” ಎಂದು ಕೇಳಿದರು.

ಆ ಪ್ರಶ್ನೆಯೇ ಇವತ್ತಿನ ಮಾತಿಗೆ ಕಾರಣ. ಇದೇ ಪ್ರಶ್ನೆಯನ್ನು ಬ್ರಿಟನ್, ನೆದರ್ಲೆಂಡ್ಸ್ ದೇಶಗಳ ಜನರೂ ಕೇಳಿಕೊಂಡಿದ್ದಾರೆ. ಉತ್ತರವಾಗಿ ಅವರು ಕಟ್ಟಿಕೊಂಡದ್ದು ವಾಹನ ನಿಲುಗಡೆಗೊಂದು ಸಾರ್ವಜನಿಕ ಡಿಜಿಟಲ್ ವೇದಿಕೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎಲ್ಲರೂ ಬರೆಯಬಹುದಾದ, ಎಲ್ಲರಿಗೂ ಸೇರಿದ ಒಂದು ಲೆಕ್ಕದ ಪುಸ್ತಕ. ಅದು ಹೇಗೆ ನಡೆಯುತ್ತದೆ, ಅದರಲ್ಲಿ ಒಳ್ಳೆಯದೇನು, ಅಪಾಯವೇನು, ಗಡಿಯಲ್ಲಿ ಬದುಕುವ ನಮಗೆ ಅದರಿಂದ ಕಲಿಯುವುದೇನಿದೆ ಎಂಬುದನ್ನು ಸ್ವಲ್ಪ ನೋಡೋಣ.

ಮೊದಲು ಹಳೆಯ ಸಂಗತಿ. ರಸ್ತೆಯ ಬದಿಯಲ್ಲಿ ನಿಲ್ಲಿಸುವುದಕ್ಕೆ ದುಡ್ಡು ಪಡೆಯುವ ಯಂತ್ರ ಮೊದಲು ಬಂದದ್ದು ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ, 1935ರ ಜುಲೈ 16ರಂದು. ಪತ್ರಿಕೆ ನಡೆಸುತ್ತಿದ್ದ ಕಾರ್ಲ್ ಮ್ಯಾಗೀ ಎಂಬವರು ಅದಕ್ಕೆ ಕಾರಣ. ಅಂಗಡಿಗಳಲ್ಲಿ ಕೆಲಸ ಮಾಡುವವರೇ ಬೆಳಗ್ಗೆ ಬಂದು ಕಾರು ನಿಲ್ಲಿಸಿದರೆ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ. ಗಿರಾಕಿಗಳಿಗೆ ಜಾಗವಿರಲಿಲ್ಲ. ಗಂಟೆಗೆ ಐದು ಸೆಂಟು ಹಾಕಿ ಎಂದ ಕೂಡಲೇ ಜಾಗ ತೆರವಾಯಿತು. ಲಂಡನ್ನಿನಲ್ಲಿ ಇಂಥ ಯಂತ್ರ ಬಂದದ್ದು 1958ರ ಜುಲೈಯಲ್ಲಿ, ಗ್ರೋವ್ನರ್ ಚೌಕದ ಬಳಿ. ಆ ಕಾಲದಲ್ಲಿ ವ್ಯವಹಾರ ಸರಳ. ಯಂತ್ರ ನಗರಸಭೆಯದು, ನಾಣ್ಯ ಸರಕಾರದ್ದು. ಯಾರ ಕಿಸೆಯ ನಾಣ್ಯವಾದರೂ ಸರಿ, ಯಂತ್ರ ಅದನ್ನು ನುಂಗುತ್ತಿತ್ತು.

ಮೊಬೈಲು ಬಂದ ಮೇಲೆ ಈ ಸರಳತನ ಕೆಟ್ಟಿತು. ಬ್ರಿಟನ್ನಿನ ನಗರಸಭೆಗಳು ಟೆಂಡರು ಕರೆದು, ಒಂದೊಂದೂ ಒಂದೊಂದು ಕಂಪನಿಯನ್ನು ಗೊತ್ತು ಮಾಡಿಕೊಂಡವು. ಈ ಊರಿನಲ್ಲಿ ರಿಂಗ್‌ಗೋ, ಪಕ್ಕದ ಊರಿನಲ್ಲಿ ಪೇಬೈಫೋನ್, ಅದರಾಚೆ ಜಸ್ಟ್‌ಪಾರ್ಕ್. ಒಂದೂರಿನ ಆ್ಯಪ್ ಇನ್ನೊಂದೂರಿನಲ್ಲಿ ನಡೆಯುವುದಿಲ್ಲ. ಮಗಳ ಮನೆಗೆಂದು ಬೇರೆ ಊರಿಗೆ ಹೋದ ಅಜ್ಜಿ ಮಳೆಯಲ್ಲಿ ನಿಂತು ಹೊಸ ಆ್ಯಪ್ ಇಳಿಸಿಕೊಂಡು, ಹೆಸರು, ಕಾರಿನ ನಂಬರು, ಬ್ಯಾಂಕಿನ ಕಾರ್ಡು ಎಲ್ಲವನ್ನೂ ಮತ್ತೊಮ್ಮೆ ತುಂಬಬೇಕು. ಅಷ್ಟರಲ್ಲಿ ಸಿಗ್ನಲ್ ಹೋದರೆ ದಂಡದ ಚೀಟಿ. ತನ್ನೂರಲ್ಲೇ ಇರುವವನಿಗೆ ಒಂದು ಆ್ಯಪ್ ಸಾಕು. ಊರೂರು ದಾಟುವವನಿಗೆ ಹತ್ತು ಬೇಕು.

ಈ ಕೊನೆಯ ಮಾತನ್ನು ನಾವು ಗಮನಿಸಬೇಕು. ದಿನ ಬೆಳಗಾದರೆ ದಾಟುವವರು ಯಾರು? ನಾವು. ಮಂಜೇಶ್ವರದವನಿಗೆ ಆಸ್ಪತ್ರೆ ಮಂಗಳೂರು, ಕಚೇರಿ ಕಾಸರಗೋಡು, ಮದುವೆ ಕಣ್ಣೂರಿನಲ್ಲಿಯೂ ಇರಬಹುದು, ಪುತ್ತೂರಿನಲ್ಲಿಯೂ ಇರಬಹುದು. ತಾಳವಾಡಿಯವನಿಗೆ ಚಾಮರಾಜನಗರವೂ ಬೇಕು, ಸತ್ಯಮಂಗಲವೂ ಬೇಕು. ಅಕ್ಕಲಕೋಟೆಯವನಿಗೆ ಸೊಲ್ಲಾಪುರವೂ ಹೌದು, ಕಲಬುರಗಿಯೂ ಹೌದು. ಪ್ರತಿ ನಗರವೂ ತನ್ನದೇ ಬೇಲಿ ಹಾಕಿಕೊಂಡರೆ ಎಲ್ಲ ಕಡೆಯೂ ಹೊರಗಿನವನಾಗುವುದು ಗಡಿಯವನೇ.

ಬ್ರಿಟನ್ನಿನ ಸಾರಿಗೆ ಇಲಾಖೆ ಇದಕ್ಕೆ ಮಾಡಿದ ಉಪಾಯದ ಹೆಸರು ರಾಷ್ಟ್ರೀಯ ನಿಲುಗಡೆ ವೇದಿಕೆ. ಇದು ಇನ್ನೊಂದು ಹೊಸ ಆ್ಯಪ್ ಅಲ್ಲ. ವಾಹನದವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮ್ಯಾಂಚೆಸ್ಟರಿನಲ್ಲಿ ಮೊದಲು ಪ್ರಯೋಗ ಮಾಡಿ, ಆಮೇಲೆ ಬೇರೆ ನಗರಸಭೆಗಳಿಗೂ ವಿಸ್ತರಿಸಿದರು. 2025ರ ಮೇ ತಿಂಗಳ ಹೊತ್ತಿಗೆ ಹತ್ತು ಸ್ಥಳೀಯ ಸಂಸ್ಥೆಗಳು ಅದರಲ್ಲಿದ್ದವು, ತಿಂಗಳಿಗೆ ಐದು ಲಕ್ಷಕ್ಕೂ ಮಿಕ್ಕಿ ನಿಲುಗಡೆಗಳ ಲೆಕ್ಕ ಅದರ ಮೂಲಕ ಹಾದುಹೋಗುತ್ತಿತ್ತು. ಆ ತಿಂಗಳಲ್ಲಿ ಸರಕಾರವು ಇದನ್ನು ಮುಂದೆ ನಡೆಸುವ ಹೊಣೆಯನ್ನು ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ನೇತೃತ್ವದ ಒಕ್ಕೂಟಕ್ಕೆ, ಲಾಭದ ಉದ್ದೇಶವಿಲ್ಲದೆ ನಡೆಸಬೇಕೆಂದು ವಹಿಸಿಕೊಡುವುದಾಗಿ ಪ್ರಕಟಿಸಿತು.

ಒಳಗಿನ ವ್ಯವಸ್ಥೆಯನ್ನು ಬಿಡಿಸಿ ಹೇಳುತ್ತೇನೆ. ನಗರಸಭೆ ತನ್ನಲ್ಲಿರುವ ಪ್ರತಿ ನಿಲುಗಡೆ ತಾಣದ ವಿವರವನ್ನು, ಅಂದರೆ ಎಲ್ಲಿದೆ, ಎಷ್ಟು ಹೊತ್ತಿಗೆ ಎಷ್ಟು ದರ, ಯಾವ ದಿನ ಬಿಟ್ಟಿ ಎಂಬುದನ್ನು, ಒಂದೇ ನಮೂನೆಯಲ್ಲಿ ಬರೆದು ವೇದಿಕೆಗೆ ಕೊಡುತ್ತದೆ. ವೇದಿಕೆಗೆ ಸೇರಿದ ಎಲ್ಲ ಆ್ಯಪ್‌ಗಳೂ ಆ ವಿವರವನ್ನು ಅಲ್ಲಿಂದಲೇ ಪಡೆಯುತ್ತವೆ. ನೀವು ನಿಮ್ಮ ಮೊಬೈಲಿನಲ್ಲಿ ಮೊದಲೇ ಇರುವ ಆ್ಯಪ್ ತೆರೆದು, ಕಾರಿನ ನಂಬರು ಹೇಳಿ, ಒಂದು ಗಂಟೆ ಎಂದು ಒತ್ತುತ್ತೀರಿ. ಆ್ಯಪ್ ನಿಮ್ಮಿಂದ ದುಡ್ಡು ಪಡೆದು, ಇಂಥ ನಂಬರಿನ ವಾಹನಕ್ಕೆ ಇಷ್ಟು ಗಂಟೆಯವರೆಗೆ ಇಲ್ಲಿ ನಿಲ್ಲುವ ಹಕ್ಕಿದೆ ಎಂದು ವೇದಿಕೆಗೆ ತಿಳಿಸುತ್ತದೆ. ತಪಾಸಣೆಗೆ ಬರುವ ನಗರಸಭೆಯ ನೌಕರ ತನ್ನ ಕೈಯಂತ್ರದಲ್ಲಿ ನಂಬರು ನೋಡಿದರೆ, ಯಾವ ಆ್ಯಪ್‌ನಿಂದ ಕಟ್ಟಿದ್ದರೂ, ಹಣ ಸಂದಿದೆ ಎಂದು ಕಾಣುತ್ತದೆ. ದುಡ್ಡು ನಗರಸಭೆಯ ಖಾತೆಗೆ ಹೋಗುತ್ತದೆ. ಕೆಲವು ಆ್ಯಪ್‌ಗಳು ತಮ್ಮ ಸೇವೆಗೆಂದು ಮೇಲಿಷ್ಟು ಪಡೆಯುವುದುಂಟು. ಆದರೆ ಒಬ್ಬ ಹೆಚ್ಚು ಕೇಳಿದರೆ ಇನ್ನೊಬ್ಬನ ಬಳಿಗೆ ಹೋಗುವ ದಾರಿ ನಿಮಗೆ ತೆರೆದಿರುತ್ತದೆ.

ಇದರಲ್ಲಿ ಮುಖ್ಯವಾದದ್ದು ಆ ಒಂದೇ ನಮೂನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅಕ್ಕಿಯನ್ನು ಮುಡಿಯಲ್ಲಿ, ಸೇರಿನಲ್ಲಿ, ಪಾವಿನಲ್ಲಿ ಅಳೆಯುತ್ತಿದ್ದರು. ಒಂದೂರಿನ ಸೇರಿಗೂ ಇನ್ನೊಂದೂರಿನ ಸೇರಿಗೂ ವ್ಯತ್ಯಾಸ. 1956ರಲ್ಲಿ ತೂಕ ಅಳತೆಗಳ ಕಾಯ್ದೆ ಬಂದು ಕಿಲೋ, ಲೀಟರು ಹಂತಹಂತವಾಗಿ ದೇಶಕ್ಕೆಲ್ಲ ಒಂದೇ ಆದವು. ಕುಂಬಳೆಯ ಸಂತೆಯಲ್ಲಿ ಮಾರುವವನು ಮಲಯಾಳ ಮಾತಾಡಲಿ, ಕೊಳ್ಳುವವನು ತುಳುವಿನಲ್ಲಿ ಚೌಕಾಸಿ ಮಾಡಲಿ, ಕಿಲೋ ಎಂದರೆ ಇಬ್ಬರಿಗೂ ಕಿಲೋ. ವಾಹನ ನಿಲುಗಡೆಯಲ್ಲಿಯೂ ಇಂಥದೊಂದು ಅಳತೆ ಬೇಕೆಂದು ಬ್ರಿಟನ್, ಯುರೋಪು, ಅಮೆರಿಕಗಳ ನಿಲುಗಡೆ ಸಂಘಗಳು ಸೇರಿ ದತ್ತಾಂಶದ ಒಂದು ಮಾದರಿಯನ್ನು ತಯಾರಿಸಿದವು. ‘ತಾಣ’ ಎಂದರೇನು, ‘ದರ’ ಎಂದರೇನು, ‘ನಿಲ್ಲುವ ಹಕ್ಕು’ ಎಂದರೇನು ಎಂಬುದಕ್ಕೆಲ್ಲ ಅದರಲ್ಲಿ ಖಚಿತವಾದ ಅರ್ಥವಿದೆ. 2023ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐ.ಎಸ್.ಒ. ಅದನ್ನು 5206 ಎಂಬ ಸಂಖ್ಯೆಯ ಅಡಿಯಲ್ಲಿ ಪ್ರಕಟಿಸಿತು.

ನೆದರ್ಲೆಂಡ್ಸ್ ದೇಶ ಈ ದಾರಿಯಲ್ಲಿ ಬ್ರಿಟನ್ನಿಗಿಂತ ಮೊದಲೇ ನಡೆದಿತ್ತು. ಅಲ್ಲಿ ವಾಹನ ನೋಂದಣಿ ಮಾಡುವ ಸರಕಾರಿ ಸಂಸ್ಥೆಯಾದ ಆರ್.ಡಿ.ಡಬ್ಲ್ಯು. ರಾಷ್ಟ್ರೀಯ ನಿಲುಗಡೆ ದಾಖಲೆಯೊಂದನ್ನು ಇಟ್ಟುಕೊಂಡಿದೆ. ಹಲವು ಕಂಪನಿಗಳು ಗಿರಾಕಿಗಳಿಂದ ಹಣ ಪಡೆಯುತ್ತವೆ, ಹಕ್ಕು ದಾಖಲಾಗುವುದು ಮಾತ್ರ ಈ ಒಂದೇ ಕಡೆ. ಕ್ಯಾಮರಾ ಹೊತ್ತ ನಗರಸಭೆಯ ಕಾರು ಬೀದಿಯಲ್ಲಿ ಹೋಗುತ್ತಾ ನಂಬರು ಫಲಕಗಳನ್ನು ಓದಿ ದಾಖಲೆಗೆ ಹೋಲಿಸುತ್ತದೆ. ಇದಕ್ಕಾಗಿ ಅಲ್ಲಿನ ನಗರಸಭೆಗಳು ಸೇರಿ ಒಂದು ಸಹಕಾರಿ ಸಂಘವನ್ನೇ ಕಟ್ಟಿಕೊಂಡಿವೆ.

ಸಹಕಾರಿ ಸಂಘ ಎಂದ ಕೂಡಲೇ ನಮ್ಮ ಅಡಿಕೆ ಬೆಳೆಗಾರರಿಗೆ ನೆನಪಾಗುವುದು ಕ್ಯಾಂಪ್ಕೊ. ಅಡಿಕೆಯ ಧಾರಣೆ ಬಿದ್ದು ಬೆಳೆಗಾರ ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿಕೊಂಡು ಹುಟ್ಟಿದ ಸಂಸ್ಥೆ ಅದು. ಗಡಿಯ ಈಚೆಗೂ ಆಚೆಗೂ ಸೇರಿದ್ದನ್ನು ಇಬ್ಬರೂ ಕೂಡಿ ನಡೆಸಬಹುದು ಎಂಬುದು ನಮಗೇನೂ ಹೊಸ ಪಾಠವಲ್ಲ. ಡಚ್ಚರು ಮಾಡಿದ್ದೂ ತತ್ತ್ವದಲ್ಲಿ ಅದನ್ನೇ.

ಇಂಥ ಲೆಕ್ಕಪುಸ್ತಕದಿಂದ ಲಾಭವೇನು? ಬರಿಯ ಹಣ ಕಟ್ಟುವ ಸುಲಭವಲ್ಲ. ಎಲ್ಲಿ ಜಾಗವಿದೆ ಎಂದು ತಿಳಿಯುವುದೇ ದೊಡ್ಡ ಲಾಭ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ತಮ್ಮ ಜೀವಮಾನವನ್ನೆಲ್ಲ ನಿಲುಗಡೆಯ ಅರ್ಥಶಾಸ್ತ್ರಕ್ಕೆ ಮೀಸಲಿಟ್ಟವರು, 2025ರಲ್ಲಿ ತೀರಿಕೊಂಡರು. ಲಾಸ್ ಏಂಜಲೀಸಿನ ವೆಸ್ಟ್‌ವುಡ್ ವಿಲೇಜ್ ಎಂಬ ಪೇಟೆಯಲ್ಲಿ ಅವರು ಲೆಕ್ಕ ಹಾಕಿ ನೋಡಿದರು. ಒಬ್ಬೊಬ್ಬ ಸವಾರ ಜಾಗ ಹುಡುಕುತ್ತಾ ಸುತ್ತುವುದು ಸುಮಾರು ಮೂರು ನಿಮಿಷ, ಅರ್ಧ ಮೈಲಿ. ಕೇಳಲು ಏನೂ ಅಲ್ಲ. ಆದರೆ ಹದಿನೈದು ಚೌಕದಷ್ಟಿದ್ದ ಆ ಚಿಕ್ಕ ಪೇಟೆಯಲ್ಲಿ ಒಂದು ವರ್ಷಕ್ಕೆ ಅದು ಒಂಬತ್ತೂವರೆ ಲಕ್ಷ ಮೈಲಿಯಾಗುತ್ತಿತ್ತು. ಅಂದರೆ ಸುಮಾರು ಹದಿನೈದು ಲಕ್ಷ ಕಿಲೋಮೀಟರು, ಭೂಮಿಯನ್ನು ಮೂವತ್ತೆಂಟು ಸಲ ಸುತ್ತಿದಷ್ಟು. ನಾನು ಮಂಗಳೂರಿನಲ್ಲಿ ಹಾಕಿದ ಮೂರು ಸುತ್ತು ಅಂಥ ಲೆಕ್ಕದ ಒಂದು ಹನಿ. ಖಾಲಿ ಬಿದ್ದಿದ್ದ ಆ ಓಣಿಯ ತಾಣದ ಸುದ್ದಿ ಯಾವುದಾದರೂ ಸಾರ್ವಜನಿಕ ದಾಖಲೆಯಲ್ಲಿ ಇದ್ದಿದ್ದರೆ ಮಾವನನ್ನು ಒಬ್ಬರನ್ನೇ ಬಾಗಿಲಲ್ಲಿ ಇಳಿಸಬೇಕಾಗಿರಲಿಲ್ಲ.

ಇಲ್ಲಿಯವರೆಗೆ ಒಳ್ಳೆಯದನ್ನೇ ಹೇಳಿದೆ. ಇನ್ನು ಎಚ್ಚರಿಕೆಯ ಮಾತು. ಲೆಕ್ಕಪುಸ್ತಕ ಎಷ್ಟು ಅಚ್ಚುಕಟ್ಟಾಗಿದೆಯೋ ಅದನ್ನು ಯಾರು ತೆರೆದು ನೋಡುತ್ತಾರೆ ಎಂಬುದು ಅಷ್ಟೇ ಮುಖ್ಯ. ನಿಮ್ಮ ವಾಹನ ಎಲ್ಲಿ, ಯಾವಾಗ, ಎಷ್ಟು ಹೊತ್ತು ನಿಂತಿತ್ತು ಎಂಬುದು ನಿಮ್ಮ ಬದುಕಿನ ದಿನಚರಿ. ಯಾವ ಆಸ್ಪತ್ರೆ, ಯಾವ ವಕೀಲರ ಕಚೇರಿ, ಯಾರ ಮನೆ ಎಲ್ಲವೂ ಅದರಲ್ಲಿರುತ್ತದೆ. ನೆದರ್ಲೆಂಡ್ಸಿನಲ್ಲಿಯೇ ಇದು ನ್ಯಾಯಾಲಯಕ್ಕೆ ಹೋಯಿತು. ಕಂಪನಿ ಕೊಟ್ಟ ಕಾರನ್ನು ಸ್ವಂತಕ್ಕೆ ಓಡಿಸಿಯೂ ತೆರಿಗೆ ತಪ್ಪಿಸುವವರನ್ನು ಹಿಡಿಯಲು ಅಲ್ಲಿನ ತೆರಿಗೆ ಇಲಾಖೆ ಒಂದು ಮೊಬೈಲ್ ನಿಲುಗಡೆ ಕಂಪನಿಯ ಬಳಿ ಗಿರಾಕಿಗಳ ನಿಲುಗಡೆಯ ವಿವರವನ್ನೆಲ್ಲ ಕೇಳಿತು. ಕಂಪನಿ ಒಪ್ಪಲಿಲ್ಲ. 2013ರಲ್ಲಿ ಕೆಳಗಿನ ನ್ಯಾಯಾಲಯ ಕಂಪನಿಯ ಪಕ್ಷವಾಗಿ ಹೇಳಿತು. 2014ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ, ವಿವರ ಕೊಡಲೇಬೇಕು ಎಂದು ತೀರ್ಪಿತ್ತಿತು. ನಿಲ್ಲಿಸುವುದಕ್ಕೆ ಕೊಟ್ಟ ಮಾಹಿತಿ ಬೇರೆಯದಕ್ಕೆ ಹೋಯಿತು. ತೆರಿಗೆ ಕಳ್ಳನಿಗೆ ಶಿಕ್ಷೆಯಾಗಲಿ, ಬೇಡವೆನ್ನುವುದಿಲ್ಲ. ಆದರೆ ಒಬ್ಬ ಕಳ್ಳನಿಗಾಗಿ ಎಲ್ಲರ ದಿನಚರಿಯನ್ನೂ ತೆರೆಯಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಆ ಕಾಯ್ದೆಯಲ್ಲಿ ಸರಕಾರಕ್ಕೆ ವಿನಾಯಿತಿಗಳೂ ಇವೆ. ಆದುದರಿಂದ ಹಳೆಯ ವಿವರವನ್ನು ಎಷ್ಟು ದಿನ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂಬುದನ್ನು ಮೊದಲೇ ಬರೆದಿಡುವುದು ಲೇಸು.

ಎರಡನೆಯ ಎಚ್ಚರಿಕೆ ಗುತ್ತಿಗೆಯದು. ಅಮೆರಿಕದ ಶಿಕಾಗೋ ನಗರ 2008ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿ, ತನ್ನ ಸುಮಾರು 36,000 ನಿಲುಗಡೆ ಯಂತ್ರಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ವಹಿಸಿತು. ಬಂದ ಹಣ ಸುಮಾರು 115 ಕೋಟಿ ಡಾಲರು. ಮರುವರ್ಷ ಆ ನಗರದ ತನಿಖಾಧಿಕಾರಿಯೇ ವರದಿ ಕೊಟ್ಟು, ನಗರಕ್ಕೆ ಸಿಗಬೇಕಾಗಿದ್ದಕ್ಕಿಂತ ಕನಿಷ್ಠ 97 ಕೋಟಿ ಡಾಲರು ಕಡಿಮೆ ಸಿಕ್ಕಿದೆ ಎಂದರು. ದರ ಮೇಲೇರಿತು. ಜಾತ್ರೆಗೋ ರಿಪೇರಿಗೋ ರಸ್ತೆ ಮುಚ್ಚಿದರೆ ನಗರವೇ ಆ ಕಂಪನಿಗೆ ನಷ್ಟ ಕಟ್ಟಿಕೊಡಬೇಕಾಯಿತು. ತನ್ನ ಬೀದಿಗೆ ತಾನೇ ಬಾಡಿಗೆ ಕೊಟ್ಟ ಹಾಗೆ! ಆ ಒಪ್ಪಂದ ಮುಗಿಯುವುದು 2083ರಲ್ಲಿ. ಅಲ್ಲಿಯವರೆಗೆ ಹುಟ್ಟಲಿರುವ ಮಕ್ಕಳ ರಸ್ತೆಯನ್ನೂ ಸೇರಿಸಿ ಗುತ್ತಿಗೆ ಕೊಟ್ಟಂತಾಯಿತು.

ಮೂರನೆಯದು ಮೊಬೈಲು ಇಲ್ಲದವರ ಪ್ರಶ್ನೆ. ಬ್ರಿಟನ್ನಿನ ಹಲವು ನಗರಸಭೆಗಳು, ಆ್ಯಪ್ ಬಂದಿತಲ್ಲ ಎಂದು, ನಾಣ್ಯದ ಯಂತ್ರಗಳನ್ನು ಕಿತ್ತುಹಾಕಲು ಹೊರಟವು. ಯಂತ್ರ ನೋಡಿಕೊಳ್ಳಲು, ನಾಣ್ಯ ಎತ್ತಿಕೊಂಡು ಬರಲು ಖರ್ಚಾಗುತ್ತದೆ ಎಂಬುದು ಅವರ ವಾದ. ವೃದ್ಧರ ಪರ ಸಂಘಟನೆಗಳು ತಕರಾರು ಎತ್ತಿದವು. 2023ರಲ್ಲಿ ಆಗಿನ ಸಚಿವ ಮೈಕೆಲ್ ಗೋವ್, ಸ್ಮಾರ್ಟ್ ಫೋನ್ ಇಲ್ಲದವರಿಗೂ ಹಣ ಕಟ್ಟುವ ದಾರಿ ಇರಬೇಕೆಂದು ನಗರಸಭೆಗಳಿಗೆ ಪತ್ರ ಬರೆಯಬೇಕಾಯಿತು. ಅಷ್ಟರಲ್ಲಿ ಮೋಸಗಾರರೂ ಬಂದರು. ನಿಲುಗಡೆ ಫಲಕಗಳ ಮೇಲೆ ನಕಲಿ ಕ್ಯು.ಆರ್. ಚೀಟಿಗಳನ್ನು ಅಂಟಿಸಿ, ಹಣ ಕಟ್ಟಲು ಬಂದವರ ಬ್ಯಾಂಕಿನ ವಿವರವನ್ನೇ ಲಪಟಾಯಿಸಿದರು. ಫಲಕದ ಮೇಲೆ ಅಂಟಿಸಿದ ಚೀಟಿಯನ್ನು ನಂಬಬೇಡಿ, ನಿಮ್ಮ ಮೊಬೈಲಿನಲ್ಲಿ ಮೊದಲೇ ಇರುವ ಆ್ಯಪ್‌ನಿಂದಲೇ ಕಟ್ಟಿ ಎಂದು ನಗರಸಭೆಗಳು ಸಾರಬೇಕಾಯಿತು. ಈ ಬುದ್ಧಿಮಾತು ನಮಗೂ ಸಲ್ಲುತ್ತದೆ. ಕ್ಯು.ಆರ್. ಚೌಕಕ್ಕೆ ದುಡ್ಡು ಕಳಿಸುವ ಮೊದಲು ಪರದೆಯ ಮೇಲೆ ಯಾರ ಹೆಸರು ಬರುತ್ತದೆ ಎಂದು ಒಂದು ಸಲ ಓದಿ ನೋಡಿ.

ಈಗ ನಮ್ಮ ದೇಶಕ್ಕೆ ಬರೋಣ. ಹಣ ಕಟ್ಟುವ ವಿಷಯದಲ್ಲಿ ನಾವು ಬ್ರಿಟನ್ನಿನವರಿಂದ ಕಲಿಯುವುದು ಹೆಚ್ಚೇನಿಲ್ಲ. 2016ರಲ್ಲಿ ಬಂದ ಯು.ಪಿ.ಐ. ಇಂಥ ಒಂದು ಸಮಾನ ವೇದಿಕೆಯೇ. ನಿಮ್ಮದು ಯಾವ ಬ್ಯಾಂಕು, ಯಾವ ಆ್ಯಪ್ ಎಂಬುದು ಮೀನು ಮಾರುವವಳಿಗೆ ಬೇಕಾಗಿಲ್ಲ, ದುಡ್ಡು ಅವಳ ಖಾತೆಗೆ ಸೇರುತ್ತದೆ. ಫಾಸ್ಟ್ಯಾಗ್ ಕೂಡ ಹಾಗೆಯೇ. ಚೀಟಿ ಕೊಡುವ ಬ್ಯಾಂಕುಗಳು ಹಲವು, ಓದುವ ಕ್ರಮ ಒಂದೇ. 2021ರ ಫೆಬ್ರವರಿ ನಡುವಿನಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲುಗಳಲ್ಲಿ ಅದು ಕಡ್ಡಾಯವಾಯಿತು. ಅದೇ ಚೀಟಿಯಿಂದ ನಿಲುಗಡೆಯ ಹಣವನ್ನೂ ಕಟ್ಟುವ ಪ್ರಯೋಗ 2019ರ ನವೆಂಬರಿನಲ್ಲಿ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಆರಂಭವಾಯಿತು. ಈ ಎರಡನ್ನೂ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಲಾಭಕ್ಕಾಗಿ ಇರುವ ಕಂಪನಿಯಲ್ಲ. ಬ್ಯಾಂಕುಗಳು ಸೇರಿ ಕಟ್ಟಿದ್ದು.

ಆದರೆ ಹಣದ ಅರ್ಧ ನಮ್ಮಲ್ಲಿ ಗಟ್ಟಿಯಾಗಿದ್ದರೆ ಮಾಹಿತಿಯ ಅರ್ಧ ಸೊರಗಿದೆ. ಯಾವ ಬೀದಿಯಲ್ಲಿ ನಿಲ್ಲಿಸಬಹುದು, ದರವೆಷ್ಟು, ಗುತ್ತಿಗೆದಾರ ಯಾರು, ಈಗ ಎಷ್ಟು ಜಾಗ ಖಾಲಿ ಇದೆ, ದಿನಕ್ಕೆ ಎಷ್ಟು ಸಂಗ್ರಹವಾಯಿತು ಎಂಬುದು ಸಾಮಾನ್ಯನಿಗೆ ಸಿಗುವ ಜಾಗ ಯಾವುದು? ಮಂಗಳೂರಿನ ಆ ಹುಡುಗನ ಮೊಬೈಲಿಗೆ ನಾನು ಕಳಿಸಿದ ಮೂವತ್ತು ರೂಪಾಯಿ ಕ್ಷಣಾರ್ಧದಲ್ಲಿ ಹೋಯಿತು. ಅದು ಊರಿನ ಖಜಾನೆಗೆ ಹೋಯಿತೋ, ಗುತ್ತಿಗೆದಾರನಿಗೆ ಹೋಯಿತೋ, ಹುಡುಗನ ಕಿಸೆಯಲ್ಲೇ ಉಳಿಯಿತೋ ನನಗೆ ತಿಳಿಯದು. ಹುಡುಗನನ್ನು ನಾನು ದೂರುವುದಿಲ್ಲ. ಬಿಸಿಲಲ್ಲಿ ನಿಂತು ದುಡಿಯುವವನು ಅವನು, ಅವನ ಕೈಗೆ ರಶೀದಿ ಪುಸ್ತಕವನ್ನೂ ಕೊಡದೆ ನಿಲ್ಲಿಸಿದವರದ್ದು ತಪ್ಪು. ಹಣ ವೇಗವಾಗಿ ಹೋದ ಮಾತ್ರಕ್ಕೆ ಲೆಕ್ಕ ಸರಿಯಾಯಿತು ಎಂದಲ್ಲ.

ನಗದಿನ ವಿಷಯದಲ್ಲಿ ನಮ್ಮಲ್ಲಿಯೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಕ್ಕೆ ಒಂದು ಉದಾಹರಣೆ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ನಿಯಮದಂತೆ, ಸರಿಯಾದ ಫಾಸ್ಟ್ಯಾಗ್ ಇಲ್ಲದ ವಾಹನ ಟೋಲಿನಲ್ಲಿ ನಗದು ಕೊಟ್ಟರೆ ಎರಡು ಪಟ್ಟು, ಯು.ಪಿ.ಐ.ಯಿಂದ ಕಟ್ಟಿದರೆ ಒಂದೂಕಾಲು ಪಟ್ಟು ಎಂದಾಯಿತು. ಹೆದ್ದಾರಿಯಲ್ಲಿ ಇದಕ್ಕೆ ಸಮರ್ಥನೆ ಇರಬಹುದು, ಹಿಂದೆ ಸಾಲು ನಿಲ್ಲುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ, ಕಚೇರಿಯ ಅಂಗಳದಲ್ಲಿ, ಕೈಯಲ್ಲಿ ನೋಟು ಹಿಡಿದು ನಿಂತ ಮುದುಕನಿಗೆ ಇದೇ ನಿಯಮ ಬಂದರೆ ಅದು ನ್ಯಾಯವಲ್ಲ. ರಿಸರ್ವ್ ಬ್ಯಾಂಕಿನ ನೋಟು ಈ ದೇಶದ ಹಣ. ಅದನ್ನು ಹಿಡಿದವನನ್ನು ಅಪರಾಧಿಯಂತೆ ಕಾಣಬಾರದು.

ಹಾಗಾದರೆ ಹಳ್ಳಿಯಲ್ಲಿ ಕುಳಿತ ನಾವು ಮಾಡಬಹುದಾದದ್ದೇನು? ಇವತ್ತಲ್ಲ ನಾಳೆ ನಮ್ಮ ಪೇಟೆಗಳಿಗೂ ನಿಲುಗಡೆಯ ಗುತ್ತಿಗೆ ಬರುತ್ತದೆ. ಬಸ್ ನಿಲ್ದಾಣದ ಬದಿ, ದೇವಸ್ಥಾನದ ಎದುರು, ತಾಲೂಕು ಕಚೇರಿಯ ಸುತ್ತ ಕಟ್ಟೆ ಕಟ್ಟಿ ಫಲಕ ನೆಡುತ್ತಾರೆ. ಆಗ ನಮ್ಮ ವಾರ್ಡಿನ ಸದಸ್ಯರನ್ನು ನಾಲ್ಕು ಮಾತು ಕೇಳಬೇಕು. ಬೇರೆ ಊರಿನಿಂದ, ಬೇರೆ ರಾಜ್ಯದಿಂದ ಬಂದವನು ತನ್ನಲ್ಲಿರುವ ಯಾವ ಆ್ಯಪ್‌ನಿಂದಲಾದರೂ ಹಣ ಕಟ್ಟಬಹುದೇ, ಅಥವಾ ಹೊಸದೊಂದನ್ನು ಇಳಿಸಿಕೊಳ್ಳಬೇಕೇ? ಮೊಬೈಲು ಇಲ್ಲದವನು ಅದೇ ದರದಲ್ಲಿ ನೋಟು ಕೊಟ್ಟು ರಶೀದಿ ಪಡೆಯಬಹುದೇ? ಗುತ್ತಿಗೆ ಮುಗಿದ ದಿನ ನಿಲುಗಡೆಯ ವಿವರಗಳೆಲ್ಲ ಊರಿನ ಸಂಸ್ಥೆಯಲ್ಲಿ ಉಳಿಯುತ್ತವೆಯೇ, ಕಂಪನಿಯ ಜೊತೆ ಹೋಗಿಬಿಡುತ್ತವೆಯೇ? ನನ್ನ ವಾಹನದ ಓಡಾಟದ ಮಾಹಿತಿಯನ್ನು ಎಷ್ಟು ದಿನ ಇಡುತ್ತೀರಿ, ಯಾರಿಗೆ ಕೊಡುತ್ತೀರಿ? ಇವಕ್ಕೆ ಉತ್ತರ ಟೆಂಡರಿನ ಕಾಗದದಲ್ಲೇ ಇರಬೇಕು. ಸಹಿ ಬಿದ್ದ ಮೇಲೆ ಕೇಳಿದರೆ ಶಿಕಾಗೋದವರ ಪಾಡು ನಮ್ಮದೂ ಆಗುತ್ತದೆ.

ಐದನೆಯದೊಂದನ್ನು ಸೇರಿಸಿಕೊಳ್ಳಿ. ಫಲಕ ಎಷ್ಟು ಭಾಷೆಯಲ್ಲಿದೆ? ಕಾಸರಗೋಡಿನ ಪೇಟೆಯಲ್ಲಿ ಕನ್ನಡ ಮಾತ್ರ ಬಲ್ಲ ಮುದುಕಿ ಇದ್ದಾಳೆ, ಮಂಗಳೂರಿನ ಆಸ್ಪತ್ರೆಗೆ ಮಲಯಾಳ ಮಾತ್ರ ಓದಬಲ್ಲ ಗೃಹಸ್ಥ ಬರುತ್ತಾನೆ. ದರ, ಸಮಯ, ದಂಡ, ಇವುಗಳನ್ನು ಓದಲಾಗದವನಿಂದ ದಂಡ ಕಟ್ಟಿಸುವುದು ನ್ಯಾಯವೇ? ದತ್ತಾಂಶ ಒಂದೇ ನಮೂನೆಯಲ್ಲಿದ್ದರೆ ಅದನ್ನು ಎರಡು ಮೂರು ಭಾಷೆಗಳಲ್ಲಿ ತೋರಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಮನಸ್ಸು ಬೇಕು, ಅಷ್ಟೇ.

ಬಂಧುಗಳೇ, ಬೀದಿಯ ಬದಿಯ ಹತ್ತಡಿ ಜಾಗ ಚಿಕ್ಕ ವಿಷಯವೆಂದು ತೋರಬಹುದು. ಆದರೆ ಅದು ಸಾರ್ವಜನಿಕರ ಆಸ್ತಿ. ಅದನ್ನು ಬಳಸುವವನು ಹಣ ಕೊಡುವುದು ಸರಿ. ಕೊಟ್ಟ ಹಣದ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು, ಕೊಟ್ಟವನ ಓಡಾಟದ ಗುಟ್ಟು ಯಾರಿಗೂ ಕಾಣದಂತಿರಬೇಕು. ಕಟ್ಟುವ ದಾರಿ ಗಡಿಯ ಎರಡೂ ಬದಿಯವರಿಗೆ ಒಂದೇ ಆಗಿರಬೇಕು.

ಮಾವನ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು, ಚೆನ್ನಾಗಿ ಕಾಣುತ್ತದೆ. ಮೊನ್ನೆ ಮತ್ತೆ ತೋರಿಸಲು ಹೋದಾಗ ಈ ಸಲ ನೇರವಾಗಿ ಆ ಓಣಿಯ ತಾಣಕ್ಕೇ ಹೋದೆವು. ಜಾಗ ಇತ್ತು. ಮಾವ ಇಳಿದವರೇ ಕನ್ನಡಕ ಏರಿಸಿ ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿ, “ದರ ಬರೆದಿದ್ದಾರೆ, ಯಾರಿಗೆ ಕೊಡುವುದು ಎಂದು ಬರೆದಿಲ್ಲವಲ್ಲ” ಎಂದರು. ಆಮೇಲೆ ನೋಟು ಕೊಟ್ಟು, ರಶೀದಿ ಬರುವವರೆಗೆ ಅಲ್ಲಿಂದ ಕದಲಲಿಲ್ಲ.